ಕಲ್ಲಿನ ಗಾಣ

ಒಳ್ಳೆಯ ಎಣ್ಣೆಕಲ್ಲನ್ನು ಗುರುತಿಸಲು ಪ್ರಯೋಗಶಾಲೆ ಬೇಕಿಲ್ಲ, ಜೇಬಿನಲ್ಲೊಂದು ಚಾಕು ಇದ್ದರೆ ಸಾಕು. ಕಲ್ಲಿನ ಅಂಚನ್ನು ಹೆರೆದು ನೋಡಬೇಕು. ಸಾಧಾರಣ ಜೇಡಿಗಲ್ಲಾದರೆ ಪುಡಿಪುಡಿಯಾಗಿ ಉದುರಿಬಿಡುತ್ತದೆ. ಎಣ್ಣೆ ಕೊಡುವ ಕಲ್ಲಾದರೆ ತೆಳ್ಳನೆಯ ಎಳೆಯೊಂದು ಎದ್ದು, ಮುರಿಯದೆ, ತನ್ನಷ್ಟಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಗೀರಿದಲ್ಲಿ ಕಂದು ಗೆರೆ ಮೂಡುತ್ತದೆ. ಹಾಗೆಂದು ಕೈಗೆ ಜಿಡ್ಡು ಅಂಟುವುದಿಲ್ಲ. ಎಷ್ಟು ಅದುಮಿದರೂ ತೊಟ್ಟು ಎಣ್ಣೆ ಒಸರುವುದಿಲ್ಲ. ಕಲ್ಲಿನೊಳಗಿರುವುದು ಇನ್ನೂ ಎಣ್ಣೆಯಾಗದ ಎಣ್ಣೆ. ಗಾಳಿಯಾಡದ ಬಟ್ಟಿಯಲ್ಲಿ ಅದನ್ನು ಚೆನ್ನಾಗಿ ಕಾಯಿಸಿದಾಗ ಆವಿಯಾಗಿ ಹೊರಬಂದು, ಆವಿ ತಣಿದ ಮೇಲೆ ಕಂದುಹಸಿರಿನ ಕಚ್ಚಾ ಎಣ್ಣೆಯಾಗುತ್ತದೆ.

ಸ್ಕಾಟ್ಲೆಂಡಿನ ಎಡಿನ್‌ಬರೊ ಪಟ್ಟಣದ ಪಶ್ಚಿಮಕ್ಕೆ ಹರಡಿಕೊಂಡಿರುವ ವೆಸ್ಟ್ ಲೋಥಿಯನ್ ಸೀಮೆಯ ಅಡಿಯಲ್ಲಿ ಶೇಲ್ ಎಂದು ಕರೆಯುವ ಈ ಕಲ್ಲು ಪದರಪದರವಾಗಿ ಮಲಗಿದೆ. ಸುಮಾರು 33 ಕೋಟಿ ವರ್ಷಗಳ ಹಿಂದೆ ಇಲ್ಲೊಂದು ಆಳವಿಲ್ಲದ ಹಿನ್ನೀರಿತ್ತು. ಅದರಲ್ಲಿ ಬೆಳೆದ ಪಾಚಿ ಸತ್ತು ತಳದ ಕೆಸರಿನಲ್ಲಿ ಸೇರಿ, ಆ ಕೆಸರು ಕಲ್ಲಾಯಿತು. ಅಲ್ಲಿನವರೇ ಆದ ಭೂವಿಜ್ಞಾನಿ ಹೆನ್ರಿ ಕ್ಯಾಡೆಲ್ ಅವರ ನೆನಪಿಗೆ ಆ ಮರೆಯಾದ ನೀರಿಗೆ ಕ್ಯಾಡೆಲ್ ಸರೋವರ ಎಂದು ಹೆಸರಿಟ್ಟಿದ್ದಾರೆ. ಆ ಕೆಸರನ್ನು ಅಗೆದು ಹೊರಗೆ ಹಾಕುವ ಕೆಲಸವನ್ನು ಸರಿಸುಮಾರು ನೂರು ವರ್ಷ ಮಾಡಿದವರು ಶೇಲ್ ಗಣಿಯ ಕೂಲಿಗಳು. ಬ್ರಾಕ್ಸ್‌ಬರ್ನ್, ಪಂಫರ್‌ಸ್ಟನ್, ಆಡಿವೆಲ್, ವೆಸ್ಟ್ ಕಾಲ್ಡರ್, ವಿಂಚ್‌ಬರ ಎಂಬ ಊರುಗಳಲ್ಲಿ ಅವರ ಸಂಸಾರಗಳಿದ್ದವು.

ಇಲ್ಲಿ ಬರೆಯುತ್ತಿರುವ ಗಣಿಗಾರನಿಗೆ ಹೆಸರಿಲ್ಲ. ಹಲವರ ಬದುಕಿನಿಂದ ಕೂಡಿಸಿಕೊಂಡ ಒಬ್ಬನ ಚಿತ್ರ ಇದು. ಊರು ವಿಂಚ್‌ಬರ, ಕಾಲ 1910ರ ಆಸುಪಾಸು.

ಬೆಳಕು ಹರಿಯುವ ಮುಂಚೆ ಆತ ಎದ್ದಿರುತ್ತಾನೆ. ಸ್ಕಾಟ್ಲೆಂಡಿನ ಚಳಿಗಾಲದಲ್ಲಿ ಇದು ದೊಡ್ಡ ಮಾತೇನಲ್ಲ, ಅಲ್ಲಿ ಬೆಳಕು ಹರಿಯುವುದೇ ಎಂಟೂವರೆ ಒಂಬತ್ತಕ್ಕೆ. ಡಿಸೆಂಬರಿನಲ್ಲಿ ಕತ್ತಲಲ್ಲಿ ಗಣಿಗಿಳಿದು ಕತ್ತಲಲ್ಲೇ ಮನೆಗೆ ಬರುವವನಿಗೆ ಸೂರ್ಯ ಕಾಣುವುದು ಭಾನುವಾರ ಮಾತ್ರ. ಹೆಂಡತಿ ಅವನಿಗಿಂತ ಮುಂಚೆ ಎದ್ದು ಒಲೆ ಕೆದಕಿ, ಚಹಾ ಕಾಯಿಸಿ, ತಗಡಿನ ಡಬ್ಬಿಗೆ ಬ್ರೆಡ್ಡು ತುಂಬಿಸಿದ್ದಾಳೆ. ಆ ಬುತ್ತಿಯನ್ನು ಅವರು ‘ಪೀಸ್’ ಎನ್ನುತ್ತಾರೆ. ಎರಡು ಬ್ರೆಡ್ಡಿನ ನಡುವೆ ಜಾಮ್ ಇರಬಹುದು, ಗಿಣ್ಣಿನ ಚೂರಿರಬಹುದು. ಸಂಬಳದ ಹಿಂದುಮುಂದಿನ ದಿನ ಯಾವುದೆಂಬುದರ ಮೇಲೆ ಅದು ನಿಂತಿದೆ. ದಪ್ಪ ಬಟ್ಟೆಯ ಷರಾಯಿ, ಮೊಳೆ ಹೊಡೆದ ಬೂಟು, ತಲೆಗೆ ಬಟ್ಟೆಯ ಟೋಪಿ. ಟೋಪಿಯ ಮುಂಭಾಗಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ತಗಡಿನ ದೀಪ. ಕಂಕುಳಲ್ಲಿ ಇನ್ನೊಂದು ಡಬ್ಬಿ, ಅದರಲ್ಲಿ ಮದ್ದಿನ ಪುಡಿ. ಈ ಮದ್ದನ್ನು ಕಂಪನಿ ಕೊಡುವುದಿಲ್ಲ, ಅವನೇ ಕೊಳ್ಳಬೇಕು. ದೀಪದೆಣ್ಣೆಯೂ ಅಷ್ಟೆ. ಎಣ್ಣೆ ತೆಗೆಯುವ ಕೂಲಿ ತನ್ನ ದೀಪಕ್ಕೆ ತಾನೇ ಎಣ್ಣೆ ಕೊಂಡುಕೊಳ್ಳುತ್ತಿದ್ದ ಎಂಬುದನ್ನು ಓದುವಾಗ ನನಗೆ ನಗುವೂ ಬಂತು, ಹೊಟ್ಟೆಯುರಿಯೂ ಬಂತು.

ವಿಂಚ್‌ಬರದವರಿಗೆ ಒಂದು ಸೌಕರ್ಯ ಇತ್ತು, ಸುತ್ತಮುತ್ತಲ ಊರಿನವರಿಗೆ ಇಲ್ಲದ್ದು. 1902ರಲ್ಲಿ ಓಕ್‌ಬ್ಯಾಂಕ್ ಎಣ್ಣೆ ಕಂಪನಿ ಇಲ್ಲಿನ ನಿಡ್ರಿ ಕೋಟೆಯ ಪಕ್ಕದಲ್ಲಿ ಹೊಸ ಕಾರ್ಖಾನೆ ಕಟ್ಟಿದಾಗ, ಗಣಿಗಳಿಂದ ಕಲ್ಲು ತರಲು ಎರಡೂವರೆ ಅಡಿ ಅಗಲದ ಹಳಿ ಹಾಕಿ ಅದರ ಮೇಲೆ ವಿದ್ಯುತ್ ಎಂಜಿನ್ ಓಡಿಸಿತು. ಕಲ್ಲು ತರುವ ಅದೇ ದಾರಿಯಲ್ಲಿ ಕೂಲಿಗಳನ್ನೂ ಒಯ್ಯುವ ಬಂಡಿಗಳಿದ್ದವು. ಹಲಗೆಯ ಮೇಲೆ ಮೊಳಕಾಲಿಗೆ ಮೊಳಕಾಲು ತಾಗಿಸಿಕೊಂಡು ಕೂತವರು ಆ ಹೊತ್ತಿನಲ್ಲಿ ಹೆಚ್ಚು ಮಾತಾಡುವುದಿಲ್ಲ. ಪೈಪಿನ ಹೊಗೆ, ಕೆಮ್ಮು. ಬಲಕ್ಕೆ ಆ ಹಳೆಯ ಕೋಟೆಯ ಗೋಡೆ ಕತ್ತಲಲ್ಲಿ ಸರಿದುಹೋಗುತ್ತದೆ. ಲಾಕ್‌ಲೆವೆನ್ ಸೆರೆಯಿಂದ ತಪ್ಪಿಸಿಕೊಂಡ ಸ್ಕಾಟ್ಲೆಂಡಿನ ರಾಣಿ ಮೇರಿ 1568ರಲ್ಲಿ ರಾತ್ರಿ ತಂಗಿದ್ದು ಅಲ್ಲೇ. ಬಂಡಿಯಲ್ಲಿ ಕೂತ ಯಾರೂ ಅತ್ತ ಕತ್ತು ತಿರುಗಿಸುವುದಿಲ್ಲ.

ಇಲ್ಲಿನ ಹಲವು ಗಣಿಗಳು ನೆಟ್ಟಗೆ ಇಳಿಯುವ ಬಾವಿಗಳಲ್ಲ. ಕಲ್ಲಿನ ಪದರ ವಾಲಿದಂತೆಯೇ ವಾಲಿಕೊಂಡು ಇಳಿಯುವ ಸುರಂಗಗಳು. ಮಧ್ಯದಲ್ಲಿ ಹಳಿ, ಹಳಿಯ ಮೇಲೆ ಉಕ್ಕಿನ ಹಗ್ಗ. ಪಕ್ಕದಲ್ಲಿ ಸೂರಿನಿಂದ ನೀರು ತೊಟ್ಟಿಕ್ಕುವ ಕಾಲುದಾರಿ. ತಗ್ಗಿಗೆ ಇಳಿದಂತೆ ಗಾಳಿ ಬೆಚ್ಚಗಾಗುತ್ತ ಹೋಗುತ್ತದೆ, ಕುದುರೆ ಲದ್ದಿಯ ವಾಸನೆ, ನಿನ್ನೆಯ ಮದ್ದಿನ ಹೊಗೆಯ ವಾಸನೆ. ಅಡ್ಡದಾರಿಗಳು ಎಡಕ್ಕೂ ಬಲಕ್ಕೂ ಕವಲೊಡೆಯುತ್ತವೆ. ಒಂದೊಂದು ಕವಲಿಗೆ ಒಬ್ಬೊಬ್ಬರು ಗುಂಪಿನಿಂದ ಕಳಚಿಕೊಳ್ಳುತ್ತಾರೆ. ಕೊನೆಗೆ ಉಳಿಯುವುದು ಅವನು, ಅವನ ಹಿಂದೆ ಇಬ್ಬರು.

ಆ ಇಬ್ಬರು ಅವನ ಆಳುಗಳು. ಒಬ್ಬ ಮಗ, ಇನ್ನೊಬ್ಬ ಬೀದಿಯ ಆಚೆ ಮನೆಯ ಹುಡುಗ.

ಶೇಲ್ ಗಣಿಯ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಈ ಏರ್ಪಾಟು. ಕಲ್ಲು ಒಡೆಯುವ ಮುಖದಲ್ಲಿ ನಿಂತವನಿಗೆ ‘ಫೇಸ್‌ಮನ್’ ಎಂದು ಹೆಸರು. ಅವನು ದಿನಗೂಲಿಯವನಲ್ಲ. ಹೊರಗೆ ಹೋದ ಕಲ್ಲಿಗೆ ಟನ್ನಿಗೆ ಇಷ್ಟೆಂದು ಕಂಪನಿಯಿಂದ ಗುತ್ತಿಗೆ. ಕಲ್ಲು ತುಂಬಿ ಬಂಡಿ ತಳ್ಳುವ ‘ಡ್ರಾಯರ್’ಗಳನ್ನು ಅವನೇ ಗೊತ್ತುಮಾಡಿಕೊಳ್ಳುತ್ತಾನೆ, ತನಗೆ ಬಂದದ್ದರಲ್ಲಿ ಅವರಿಗೆ ಅವನೇ ಕೂಲಿ ಕೊಡುತ್ತಾನೆ. ಎಲ್ಲಿ ತೂತು ಕೊರೆಯಬೇಕು, ಎಷ್ಟು ಮದ್ದು ಇಡಬೇಕು, ಯಾವಾಗ ಕೂತು ದಣಿವಾರಿಸಿಕೊಳ್ಳಬೇಕು, ಎಲ್ಲ ಅವನದೇ ತೀರ್ಮಾನ. ಮೇಸ್ತ್ರಿ ಪಾಳಿಗೊಮ್ಮೆ ಬಂದು ಗಾಳಿ ನೋಡಿ, ಸೂರು ನೋಡಿ, ಎರಡು ಮಾತಾಡಿ ಹೋದರೆ ಮುಗಿಯಿತು. ಆ ನಾಲ್ಕು ಗೋಡೆಯ ನಡುವೆ ಇವನೇ ಯಜಮಾನ. ಮಗನನ್ನು ಬೈಯುವ ಹಕ್ಕೂ ಅಲ್ಲಿ ಎರಡುಪಟ್ಟು.

ಗೋಡೆ ಎಂದೆ. ಕಲ್ಲಿದ್ದಲು ಗಣಿಯ ಚಿತ್ರಗಳನ್ನು ನೋಡಿದವರಿಗೆ ಮೈ ಮಡಚಿ ಮಲಗಿ ಅಗೆಯುವವನ ಚಿತ್ರವೇ ಕಣ್ಣಿಗೆ ಬರುತ್ತದೆ. ಇಲ್ಲಿ ಹಾಗಲ್ಲ. ಎಣ್ಣೆಕಲ್ಲಿನ ಪದರ ಆರಡಿ, ಎಂಟಡಿ, ಕೆಲವೆಡೆ ಇನ್ನೂ ದಪ್ಪ. ನೆಟ್ಟಗೆ ನಿಂತು ಕೆಲಸ ಮಾಡಬಹುದು, ಪೋನಿಯ ಬದಲು ಕುದುರೆಯನ್ನೇ ಒಳಗೆ ಬಿಡಬಹುದು. ನಡುವೆ ದಪ್ಪದಪ್ಪ ಕಲ್ಲಿನ ಕಂಬಗಳನ್ನು ಹಾಗೇ ಉಳಿಸಿ, ಸುತ್ತ ಕೋಣೆ ಕೋಣೆಯಾಗಿ ತೋಡುತ್ತ ಹೋಗುವುದು ಪದ್ಧತಿ. ನಿಂತು ಕೆಲಸ ಮಾಡುವವರೆಂದು ಶೇಲ್‌ನವರಿಗೆ ಕಲ್ಲಿದ್ದಲಿನವರ ಮುಂದೆ ಸ್ವಲ್ಪ ಜಂಬವೂ ಇದ್ದಿರಬೇಕು. ಆದರೆ ಎತ್ತರದ ಸೂರಿಗೆ ಅದರದೇ ಅಪಾಯವಿದೆ. ಎಂಟಡಿ ಮೇಲಿಂದ ಸಡಿಲವಾದ ಚಪ್ಪಡಿ ಬೀಳುವಾಗ ಪಕ್ಕಕ್ಕೆ ಹಾರಲು ಅವಕಾಶ ಸಿಗುವುದಿಲ್ಲ.

ಹಾಗಾಗಿ ಬೆಳಗ್ಗೆ ಮೊದಲ ಕೆಲಸ ಸೂರು ತಟ್ಟುವುದು. ಪಿಕಾಸಿಯ ಹಿಡಿಯಿಂದ ಅಲ್ಲಲ್ಲಿ ಗುದ್ದಿ ಕಿವಿಗೊಡುತ್ತಾನೆ. ಕಣಕಣ ಎಂದರೆ ಕಲ್ಲು ಗಟ್ಟಿಯಾಗಿ ಕೂತಿದೆ. ಟೊಳ್ಳು ಸದ್ದು ಬಂದರೆ ಮೇಲಿನ ಪದರ ಬಿಟ್ಟುಕೊಂಡಿದೆ; ಹಾರೆ ಹಾಕಿ ಕೆಡವಬೇಕು, ಇಲ್ಲವೇ ಮರದ ಮುಂಡಿಗೆ ಕೊಟ್ಟು ನಿಲ್ಲಿಸಬೇಕು. ಮುಂಡಿಗೆ ಅಳತೆಗೆ ಕತ್ತರಿಸಿ, ತಲೆಗೆ ಹಲಗೆ ಬೆಣೆ ಹೊಡೆದು ಬಿಗಿಮಾಡುವ ಕೆಲಸಕ್ಕೆ ಯಾರೂ ಟನ್ನಿನ ಲೆಕ್ಕ ಕೊಡುವುದಿಲ್ಲ. ಕಲ್ಲು ಹೊರಹೋದರಷ್ಟೇ ಕಾಸು. ಅವಸರಪಡುವ ಮನುಷ್ಯ ಮುಂಡಿಗೆಯನ್ನು ‘ಇನ್ನೊಂದು ಬಂಡಿ ತುಂಬಿದ ಮೇಲೆ’ ಎಂದು ಮುಂದಕ್ಕೆ ಹಾಕುತ್ತಾನೆ. ದೊಡ್ಡ ದುರಂತಗಳು ಪತ್ರಿಕೆಗೆ ಬಂದವು, ಕಲ್ಲಿನಲ್ಲಿ ಕೆತ್ತಿಸಿಕೊಂಡವು. ಗಣಿಗಳಲ್ಲಿ ಒಬ್ಬೊಬ್ಬರನ್ನಾಗಿ ತೆಗೆದುಕೊಂಡದ್ದು ಹೆಚ್ಚಾಗಿ ಈ ಸೂರಿನ ಕುಸಿತ.

ಸೂರಾದ ಮೇಲೆ ಬೈರಿಗೆ. ನೆಲಕ್ಕೂ ಸೂರಿಗೂ ಬಿಗಿದು ನಿಲ್ಲಿಸಿದ ಕಬ್ಬಿಣದ ಕಂಬಕ್ಕೆ ರ್‍ಯಾಚೆಟ್ಟಿನ ಬೈರಿಗೆ ಜೋಡಿಸಿ ಕೈಯಿಂದಲೇ ತಿರುಗಿಸುತ್ತಾರೆ. ಕರಕರ ಸದ್ದಿನೊಂದಿಗೆ ಕಂದು ಹಿಟ್ಟು ತೂತಿನ ಬಾಯಿಂದ ಸುರಿಯುತ್ತದೆ. ಭುಜ ಸೋತಾಗ ಮಗ ಹಿಡಿಯುತ್ತಾನೆ. ನಾಲ್ಕೈದು ಅಡಿ ಒಳಗೆ ಹೋದ ಮೇಲೆ ತೂತನ್ನು ಬಳಿದು ಚೊಕ್ಕಟ ಮಾಡಿ, ಕಾಗದದ ಕೊಳವೆಗೆ ತುಂಬಿದ ಮದ್ದನ್ನು ಮೆಲ್ಲಗೆ ಒಳಗೆ ತಳ್ಳುತ್ತಾನೆ. ದೀಪವನ್ನು ಆಗ ದೂರದಲ್ಲಿಡಬೇಕೆಂದು ಕಾನೂನೂ ಹೇಳುತ್ತದೆ, ಹೆಂಡತಿಯೂ ಹೇಳುತ್ತಾಳೆ. ಜೇಡಿಮಣ್ಣು ಜಡಿದು ಬಾಯಿ ಮುಚ್ಚಿ ಬತ್ತಿಯ ತುದಿ ಹೊರಗೆ ಬಿಡುತ್ತಾನೆ. ಬೆಂಕಿ ತಾಗಿಸಿ, ಎರಡೂ ಕಡೆಗೆ ಕೇಳುವಂತೆ ಕೂಗಿ, ಕಂಬದ ಮರೆಗೆ ನಡೆಯುತ್ತಾನೆ. ಓಡುವುದಿಲ್ಲ, ಓಡುವವನು ಹಳಿಗೆ ಎಡವುತ್ತಾನೆ. ಮೊದಲು ಎದೆಗೆ ಗುದ್ದಿದ ಹಾಗೆ ಗಾಳಿ, ಆಮೇಲೆ ಸದ್ದು, ಆಮೇಲೆ ಕಲ್ಲು ಉರುಳುವ ಗಡಗಡ, ಕೊನೆಗೆ ಹೊಗೆ. ಎರಡು ತೂತಿಗೆ ಬತ್ತಿ ಇಟ್ಟಾಗ ಎರಡು ಸದ್ದು ಕೇಳಬೇಕು. ಒಂದೇ ಕೇಳಿದರೆ ಆ ಜಾಗಕ್ಕೆ ಹೋಗದೆ ಕಾಯಬೇಕು. ಕಾಯುವುದು ಗಂಟೆಗೆ ಕೂಲಿ ಪಡೆಯುವವನಿಗೆ ಸುಲಭ, ಟನ್ನಿಗೆ ಪಡೆಯುವವನಿಗೆ ಕಷ್ಟ.

ಹೊಗೆ ಇಳಿಯುತ್ತಿದ್ದಂತೆ ಹುಡುಗರು ಸಲಿಕೆ ಹಿಡಿದು ‘ಹಚ್’ ಎಂಬ ಬಂಡಿ ತುಂಬುತ್ತಾರೆ. ದಪ್ಪ ಕಲ್ಲುಗಳನ್ನು ಕೈಯಲ್ಲೇ ಎತ್ತಿ ಅಂಚಿಗೆ ಕಟ್ಟಿ, ನಡುವೆ ಚೂರು ಸುರಿಯುವುದರಲ್ಲೂ ಒಂದು ಕಸುಬಿದೆ. ತುಂಬಿದ ಬಂಡಿಗೆ ತಮ್ಮ ಗುರುತಿನ ಬಿಲ್ಲೆ ಸಿಕ್ಕಿಸುತ್ತಾರೆ. ಮೇಲೆ ತೂಕದ ಕಟ್ಟೆಯಲ್ಲಿ ಕಂಪನಿಯ ಗುಮಾಸ್ತ ಆ ಬಿಲ್ಲೆಯ ಅಂಕಿ ನೋಡಿ ತೂಕ ಬರೆದುಕೊಳ್ಳುತ್ತಾನೆ. ಅವನ ಪಕ್ಕದಲ್ಲೇ, ಅವನ ಪೆನ್ಸಿಲಿನ ಮೇಲೆ ಕಣ್ಣಿಟ್ಟು, ಇನ್ನೊಬ್ಬ ಕೂತಿರುತ್ತಾನೆ. ಅವನು ಕೂಲಿಗಳು ತಾವೇ ಆರಿಸಿ, ತಾವೇ ಸಂಬಳ ಕೊಟ್ಟು ಕೂರಿಸಿದವನು. ಹತ್ತೊಂಬತ್ತನೆಯ ಶತಮಾನದ ಗಣಿ ಕಾನೂನುಗಳಿಂದ ಬ್ರಿಟನ್ನಿನ ಗಣಿಗಾರರಿಗೆ ದಕ್ಕಿದ ಹಕ್ಕುಗಳಲ್ಲಿ ಈ ತೂಕದ ಕಾವಲುಗಾರನಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇರಲಿಕ್ಕಿಲ್ಲ. ನಂಬಿಕೆ ಎಂಬುದು ಕಣ್ಣಿಗೆ ಬಿದ್ದ ತಕ್ಕಡಿಯ ಮಟ್ಟಿಗೆ ಮಾತ್ರ ಇತ್ತು.

ಒಂದು ಕಡೆಯ ಕೋಣೆಗಳೆಲ್ಲ ಮುಗಿದ ಮೇಲೆ ಉಳಿಸಿದ ಕಂಬಗಳನ್ನೂ ಹಿಂದಕ್ಕೆ ಸರಿಯುತ್ತ ಕೀಳುತ್ತಾರೆ. ಸೂರು ನರಳಲು ತೊಡಗುತ್ತದೆ, ಮುಂಡಿಗೆಗಳು ಚಟಚಟ ಸೀಳುತ್ತವೆ. ಸದ್ದಿನ ಲಯ ಬದಲಾದದ್ದನ್ನು ಕೇಳಿ ಪಿಕಾಸಿ ಬಿಟ್ಟು ಹೊರಡುವುದನ್ನು ಯಾವ ಪುಸ್ತಕವೂ ಕಲಿಸದು. ಮಗನನ್ನು ಪಕ್ಕದಲ್ಲೇ ಇಟ್ಟುಕೊಂಡಿರುವುದು ಕೂಲಿ ಮನೆಯಲ್ಲೇ ಉಳಿಯಲಿ ಎಂದಷ್ಟೇ ಅಲ್ಲ.

ಈಗ ಮೇಲಕ್ಕೆ ಬರೋಣ.

ಒಡೆದ ಕಲ್ಲು ಕಾರ್ಖಾನೆಯ ಎತ್ತರದ ಬಟ್ಟಿಗಳ ತಲೆಯ ಮೇಲಿಂದ ಒಳಗೆ ಬೀಳುತ್ತದೆ. ನಿಧಾನವಾಗಿ ಕೆಳಕ್ಕೆ ಜಾರುತ್ತ ಕಾಯುತ್ತದೆ. ತಳದಿಂದ ಹಬೆ ಹಾಯಿಸುತ್ತಾರೆ. ಮೇಲೆ ಎಣ್ಣೆಯ ಆವಿ, ಅದರೊಂದಿಗೆ ಅಮೋನಿಯ. ಎಣ್ಣೆಯನ್ನು ಸೋಸಿ ಬಟ್ಟಿ ಇಳಿಸಿ ದೀಪದೆಣ್ಣೆ, ಯಂತ್ರಕ್ಕೆ ಹಾಕುವ ಎಣ್ಣೆ, ಮೇಣ ಮಾಡುತ್ತಾರೆ. ಅಮೋನಿಯದಿಂದ ಹೊಲಕ್ಕೆ ಗೊಬ್ಬರ. ಅಮೆರಿಕದ ನೆಲದಿಂದ ಚಿಮ್ಮಿದ ಅಗ್ಗದ ಎಣ್ಣೆಯ ಎದುರು ಈ ಕಷ್ಟದ ಎಣ್ಣೆ ಇಷ್ಟು ಕಾಲ ಬದುಕಿದ್ದರಲ್ಲಿ ಆ ಗೊಬ್ಬರದ ಪಾಲು ದೊಡ್ಡದು. ಒಂದು ಟನ್ ಕಲ್ಲಿಗೆ ಸಿಗುತ್ತಿದ್ದದ್ದು ನೂರು ಲೀಟರಿನ ಆಸುಪಾಸು ಕಚ್ಚಾ ಎಣ್ಣೆ. ಉಳಿದದ್ದೆಲ್ಲ ಬೂದಿಗಲ್ಲು. ನಮ್ಮ ಗಾಣದಲ್ಲಾದರೆ ಎಣ್ಣೆ ಇಳಿದ ಮೇಲೆ ಉಳಿದ ಹಿಂಡಿ ದನಕ್ಕೆ ಆಗುತ್ತದೆ. ಈ ಗಾಣದ ಹಿಂಡಿಯನ್ನು ಯಾವ ದನವೂ ಮೂಸದು. ಇಳಿಜಾರು ಹಳಿಯ ಮೇಲೆ ಬಂಡಿಗಳಲ್ಲಿ ಎಳೆದು ತಂದು ಬಿಸಿಬಿಸಿಯಾಗಿ ಸುರಿದು, ಸುರಿದು, ಊರಿನ ಪಕ್ಕದಲ್ಲೇ ಗುಡ್ಡಗಳೆದ್ದವು. ‘ಬಿಂಗ್’ ಎಂಬುದು ಅವುಗಳ ಹೆಸರು. ಗಾಳಿ ಮಳೆಗೆ ಕಪ್ಪು ಹೋಗಿ ಇಟ್ಟಿಗೆಯ ಕೆಂಪು ಬಂತು. ಗಾಳಿ ಬೀಸಿದ ದಿನ ಒಣಹಾಕಿದ ಬಟ್ಟೆಗೆ ಕೆಂಪು ಧೂಳು, ಬೀಸದ ದಿನ ಕಾರ್ಖಾನೆಯ ಗಂಧಕದ ನಾತ.

ಕಾರ್ಖಾನೆಯೊಳಗಿನವರ ಪಾಡು ಬೇರೆ ತರಹದ್ದು. ಮೇಣ ಹಿಂಡುವ ಮನೆಯಲ್ಲಿ ಎಣ್ಣೆಯಲ್ಲೇ ತೊಯ್ದು ಕೆಲಸ ಮಾಡುವವರ ತೊಡೆಸಂದಿಯಲ್ಲಿ ವಾಸಿಯಾಗದ ಹುಣ್ಣು ಕಾಣಿಸಿಕೊಂಡು ಅದು ಕ್ಯಾನ್ಸರಿಗೆ ತಿರುಗುತ್ತಿತ್ತು. ಅದನ್ನು 1876ರಲ್ಲಿ ವೈದ್ಯಪತ್ರಿಕೆಯಲ್ಲಿ ವರದಿ ಮಾಡಿದವರು ಎಡಿನ್‌ಬರೊದ ಶಸ್ತ್ರವೈದ್ಯ ಜೋಸೆಫ್ ಬೆಲ್. ರೋಗಿ ಬಾಗಿಲಿನಲ್ಲಿ ಕಾಣಿಸಿದೊಡನೆ ಅವನ ಕಸುಬು ಹೇಳಿಬಿಡುತ್ತಿದ್ದ ಈ ಡಾಕ್ಟರನ್ನು ನೋಡಿಯೇ ಅವರ ಶಿಷ್ಯ ಕಾನನ್ ಡಾಯಲ್ ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ್ದು. ಕಸುಬಿನಿಂದಲೇ ಬಂದ ಈ ಕಾಯಿಲೆ ಅವರ ಕಣ್ಣಿಗೆ ಬಿದ್ದದ್ದು ಆಶ್ಚರ್ಯವಲ್ಲ.

ನಮ್ಮ ಗಣಿಗಾರ ಮನೆಗೆ ಬಂದಿದ್ದಾನೆ. ಕೆಂಪು ಇಟ್ಟಿಗೆಯ ಸಾಲುಮನೆ. ಒಂದು ಅಡುಗೆಮನೆ, ಒಂದು ಕೋಣೆ. ಗೋಡೆಯೊಳಗೆ ಗೂಡಿನಂತೆ ಕೂರಿಸಿದ ಮಂಚಗಳು, ಅವಕ್ಕೆ ಪರದೆ. ಇಲ್ಲಿ ಅವನದು ಎಂಬುದು ಮಂಚದ ಮೇಲಿನ ಹಾಸಿಗೆಯಿಂದ ಆಚೆಗೆ ಏನೂ ಇಲ್ಲ. ಮನೆ ಕಂಪನಿಯದು. ಬಾಡಿಗೆ ಅವನ ಕೈ ಸೇರುವ ಮುಂಚೆಯೇ ಸಂಬಳದಿಂದ ಕಳೆದಿರುತ್ತದೆ. ಪಿಕಾಸಿ ಹರಿತ ಮಾಡಿದ್ದಕ್ಕೆ ಕಳೆ, ಡಾಕ್ಟರಿಗೆ ಕಳೆ, ಮದ್ದಿಗೆ ಕಳೆ. ಸುರಂಗದ ಕೊನೆಯಲ್ಲಿ ಇಬ್ಬರನ್ನಾಳುವ ಯಜಮಾನ ಸಂಬಳದ ಕಿಟಕಿಯ ಮುಂದೆ ಟೋಪಿ ತೆಗೆದು ನಿಲ್ಲುವ ಬಾಡಿಗೆದಾರ.

ಬಾಗಿಲಲ್ಲೇ ಬೂಟು ಕಳಚಿ, ಮೇಲಂಗಿ ಕಳಚಿ ಹಿತ್ತಿಲ ಗೋಡೆಗೆ ಬಡಿದು ಧೂಳು ಕೊಡವಲು ಹೆಂಡತಿಗೆ ಕೊಡುತ್ತಾನೆ. ಒಲೆಯ ಮುಂದೆ ಮರದ ತೊಟ್ಟಿ. ನೀರು ಬೀದಿಯ ನಲ್ಲಿಯಿಂದ ಬಕೆಟ್ಟಿನಲ್ಲಿ ಹೊತ್ತು ತಂದು ಕಾಯಿಸಿದ್ದು. ಮೊದಲು ತಂದೆ, ಆಮೇಲೆ ಅದೇ ನೀರಿನಲ್ಲಿ ಮಗ.

“ಬೆನ್ನು ಉಜ್ಜಲೇನಪ್ಪ?”

“ಬೇಡವೋ. ನಡುವಿನ ಬಲ ಹೋದೀತು.”

ಬೆನ್ನು ತೊಳೆದರೆ ಸೊಂಟದ ಶಕ್ತಿ ಇಳಿಯುತ್ತದೆಂಬ ನಂಬಿಕೆ ಬ್ರಿಟನ್ನಿನ ಗಣಿಗಾರರಲ್ಲಿ ಹಲವೆಡೆ ಇತ್ತು. ಬೆನ್ನು ಉಜ್ಜಿಕೊಳ್ಳದವರ ಬೆಳ್ಳನೆಯ ಅಂಗಿಯನ್ನು ಪ್ರತಿ ಸೋಮವಾರ ತಿಕ್ಕುತ್ತಿದ್ದವರ ನಂಬಿಕೆ ಏನಿತ್ತೋ ಯಾರೂ ಬರೆದಿಟ್ಟಿಲ್ಲ.

ಈ ಹೆಂಗಸಿನ ಪಾಳಿಗೆ ಸೈರನ್ ಇಲ್ಲ. ಗಂಡ ಬೆಳಗಿನ ಪಾಳಿ, ದೊಡ್ಡ ಮಗ ರಾತ್ರಿ ಪಾಳಿ, ಮನೆಯಲ್ಲೊಬ್ಬ ಬಾಡಿಗೆಗಿಟ್ಟುಕೊಂಡ ಒಂಟಿ ಕೂಲಿ ಇದ್ದರೆ ಅವನದು ಮತ್ತೊಂದು. ಮೂರು ಹೊತ್ತೂ ಯಾರೋ ಉಣ್ಣುತ್ತಿರುತ್ತಾರೆ, ಯಾರೋ ಮೀಯುತ್ತಿರುತ್ತಾರೆ, ಯಾರೋ ಮಲಗಿರುತ್ತಾರೆ. ಒಬ್ಬ ಎದ್ದ ಹಾಸಿಗೆ ಆರುವ ಮುಂಚೆ ಇನ್ನೊಬ್ಬ ಒರಗುತ್ತಾನೆ. ಒಲೆಯ ಸುತ್ತ ಒದ್ದೆ ಬಟ್ಟೆ ಹಬೆಯಾಡುತ್ತದೆ. ಕಕ್ಕಸು ಹಿಂದಿನ ಅಂಗಳದಲ್ಲಿ, ಹಲವು ಮನೆಗಳಿಗೆ ಸೇರಿ. ಬಟ್ಟೆ ಒಗೆಯುವ ಕೋಣೆಗೂ ಸರದಿ. ಆ ಸರದಿಯ ಮೇಲೆ ನಡೆದ ಜಗಳಗಳು ಮುಷ್ಕರಗಳಿಗಿಂತ ಹೆಚ್ಚಾಗಿಯೇ ಇದ್ದಾವು. ಸ್ಕಾಟ್ಲೆಂಡಿನ ವಸತಿಯ ಬಗ್ಗೆ ವಿಚಾರಿಸಿದ ರಾಯಲ್ ಕಮಿಷನ್ನು 1917ರಲ್ಲಿ ವರದಿ ಕೊಟ್ಟಾಗ ಗಣಿಗಾರರ ಸಾಲುಮನೆಗಳ ಸ್ಥಿತಿಗೆ ಅದರಲ್ಲಿ ಸಾಕಷ್ಟು ಪುಟಗಳು ಬೇಕಾದವು. ವಿಂಚ್‌ಬರದ ಮನೆಗಳು ಹೊಸವಾದ್ದರಿಂದ ಎಷ್ಟೋ ವಾಸಿ.

ಮನೆ ಕಂಪನಿಯದು ಎಂಬುದರ ಪೂರ್ತಿ ಅರ್ಥ ಪಕ್ಕದ ಬ್ರಾಕ್ಸ್‌ಬರ್ನಿಗೆ 1887ರಲ್ಲಿ ಗೊತ್ತಾಯಿತು. ಎಣ್ಣೆಯ ಬೆಲೆ ಬಿದ್ದಿತ್ತು, ಕಂಪನಿ ಕೂಲಿ ಇಳಿಸಿತು, ಗಣಿಗಾರರು ಪಿಕಾಸಿ ಕೆಳಗಿಟ್ಟರು. ಕೂಲಿಯಲ್ಲದವನು ಬಾಡಿಗೆದಾರನೂ ಅಲ್ಲ. ಕೋರ್ಟಿನ ಆಜ್ಞೆ ಹಿಡಿದು ಅಮೀನರು ಬಂದರು, ಮನೆಗಳನ್ನು ಖಾಲಿ ಮಾಡಿಸಿದರು. ಕೂಲಿಗಾಗಿ ನಡೆದ ಜಗಳದಲ್ಲಿ ಮಂಚ, ಮಡಕೆ, ತೊಟ್ಟಿಲು ಬೀದಿಗೆ ಬಂದವು. ಆ ವರ್ಷವನ್ನು ಬ್ರಾಕ್ಸ್‌ಬರ್ನಿನ ಮುದುಕರು ಮುಷ್ಕರದ ವರ್ಷ ಎನ್ನುವುದಕ್ಕಿಂತ ಮನೆ ಬಿಡಿಸಿದ ವರ್ಷವೆಂದು ನೆನಪಿಟ್ಟುಕೊಂಡಿದ್ದರೆ ಅದು ಸಹಜವೇ. ಗಣಿಯಲ್ಲಿ ಗಂಡ ಸತ್ತ ಹೆಣ್ಣಿನ ಕತೆ ಇದಕ್ಕಿಂತ ಸದ್ದಿಲ್ಲದ್ದು. ಒಬ್ಬ ಸತ್ತ ದಿನ ಉಳಿದವರೆಲ್ಲ ಕೆಲಸ ನಿಲ್ಲಿಸಿ ಮೇಲೆ ಬರುವುದು ಸ್ಕಾಟ್ಲೆಂಡಿನ ಗಣಿಗಳಲ್ಲಿ ರೂಢಿಯಾಗಿತ್ತು. ಹೆಣದ ಹಿಂದೆ ಇಡೀ ಸಾಲು ನಡೆಯುತ್ತಿತ್ತು. ಆದರೆ ಗಣಿಗೆ ಹೋಗುವ ಇನ್ನೊಬ್ಬ ಗಂಡಸು ಮನೆಯಲ್ಲಿಲ್ಲವಾದರೆ ಆ ಮನೆಯ ಮೇಲೆ ಅವಳಿಗೆ ಯಾವ ಹಕ್ಕೂ ಉಳಿಯುತ್ತಿರಲಿಲ್ಲ. ಹನ್ನೆರಡು ಹದಿಮೂರು ವರ್ಷದ ಹುಡುಗ ದಿಢೀರನೆ ದೊಡ್ಡವನಾಗುತ್ತಿದ್ದದ್ದು ಹೀಗೆ.

ಎಲ್ಲವೂ ಕಂಪನಿಯದಾಗಿದ್ದ ಊರಿನಲ್ಲಿ ತಮ್ಮದೆಂದು ಹೇಳಿಕೊಳ್ಳಬಹುದಾದದ್ದನ್ನು ಜನ ಬೆರಳು ಮಡಚಿ ಎಣಿಸುತ್ತಿದ್ದರು. ಮೊದಲನೆಯದು ಸಹಕಾರಿ ಅಂಗಡಿ. ವೆಸ್ಟ್ ಕಾಲ್ಡರಿನ ಸಂಘ 1875ರಲ್ಲಿ ಶುರುವಾಗಿ ಸುತ್ತಲಿನ ಶೇಲ್ ಊರುಗಳಿಗೆಲ್ಲ ಹಬ್ಬಿತು. ಕೊಂಡ ಸಾಮಾನಿನ ಮೇಲೆ ವರ್ಷದ ಕೊನೆಗೆ ಬರುವ ಲಾಭಾಂಶವೇ ಮಕ್ಕಳ ಬೂಟು, ಚಳಿಗಾಲದ ಕೋಟು. ಕಂಪನಿಯ ಸಂಬಳದಿಂದ ಉಳಿಸಲಾಗದ್ದನ್ನು ಸಕ್ಕರೆ ಕೊಂಡು ಉಳಿಸುವ ಹೆಂಗಸರ ಜಾಣತನ ಅದು. ಎರಡನೆಯದು ಚರ್ಚು. ಐರ್ಲೆಂಡಿನಿಂದ ಬಂದವರದೊಂದು, ಸ್ಕಾಟರದು ಇನ್ನೆರಡು ಮೂರು. ಗಣಿಯೊಳಗೆ ಒಂದೇ ಮುಂಡಿಗೆಯ ಕೆಳಗೆ ನಿಲ್ಲುವವರು ಮೇಲೆ ಬಂದ ಮೇಲೆ ಹುಡುಗಿ ಕೊಡುವ ಮಾತಿಗೆ ಬೇರೆ ಬೇರೆ ಬಾಗಿಲು ಹುಡುಕುತ್ತಿದ್ದರು. ಮತ್ತೆ ಫುಟ್‌ಬಾಲ್, ಊದುವ ವಾದ್ಯದ ಬ್ಯಾಂಡ್, ಪಾರಿವಾಳ, ಹಿತ್ತಿಲಿನ ತರಕಾರಿ. ಓದುವ ಕೋಣೆ, ಬಿಲಿಯರ್ಡ್ಸ್ ಮೇಜು ಇರುವ ಇನ್‌ಸ್ಟಿಟ್ಯೂಟ್ ಕಟ್ಟಡ ಊರೂರಿಗೂ ಇತ್ತು, ಹೋಗುತ್ತಿದ್ದರು. ಬೇಸಿಗೆಯಲ್ಲಿ ಒಂದು ದಿನ ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿ ಬ್ಯಾಂಡ್ ಮುಂದಿಟ್ಟುಕೊಂಡು ಮೆರವಣಿಗೆ ಹೊರಡುವ ‘ಗಾಲಾ ಡೇ’ ಇವತ್ತಿಗೂ ನಡೆಯುತ್ತದೆ.

ಈ ಊರುಗಳಿಗೆಲ್ಲ ಮೂಲಪುರುಷ ಗ್ಲಾಸ್ಗೋದ ಬಡಗಿಯ ಮಗ ಜೇಮ್ಸ್ ಯಂಗ್. ಸಂಜೆ ತರಗತಿಗಳಲ್ಲಿ ರಸಾಯನಶಾಸ್ತ್ರ ಕಲಿತು, 1850ರಲ್ಲಿ ಕಲ್ಲಿದ್ದಲಿನಿಂದ ಎಣ್ಣೆ ಇಳಿಸುವ ಪೇಟೆಂಟ್ ಪಡೆದು, ಮರುವರ್ಷ ಬಾತ್‌ಗೇಟಿನಲ್ಲಿ ಕಾರ್ಖಾನೆ ಹಾಕಿದ. ಅಮೆರಿಕದಲ್ಲಿ ಡ್ರೇಕ್ ಎಂಬಾತ ಎಣ್ಣೆಬಾವಿ ಕೊರೆಯುವುದಕ್ಕೂ ಎಂಟು ವರ್ಷ ಮುಂಚಿನ ಮಾತು ಇದು. 1864ರಲ್ಲಿ ಪೇಟೆಂಟ್ ಮುಗಿಯುತ್ತಿದ್ದಂತೆ ಕೈಲಾದವರೆಲ್ಲ ಅದೇ ವಿಧಾನದಿಂದ ಶೇಲಿನ ಬಟ್ಟಿ ಹೂಡಿದರು, ಬಹಳ ಜನ ಮುಳುಗಿದರು. ಯಂಗ್ ಮುಳುಗಲಿಲ್ಲ, ಆಡಿವೆಲ್‌ನಲ್ಲಿ ಅವನು ಕಟ್ಟಿದ ದೊಡ್ಡ ಕಾರ್ಖಾನೆಗೆ ಅಡಿಗಲ್ಲು ಇಟ್ಟದ್ದು ಅವನ ಕಾಲೇಜು ಗೆಳೆಯ, ಆಫ್ರಿಕದ ಯಾತ್ರಿಕ ಲಿವಿಂಗ್‌ಸ್ಟನ್. ಗೆಳೆಯನ ಯಾತ್ರೆಗಳಿಗೆ ಯಂಗ್ ಧಾರಾಳವಾಗಿ ಹಣ ಕೊಟ್ಟ. ನೈಲ್ ನದಿಯ ಮೂಲ ಹುಡುಕಲು ಖರ್ಚಾದ ಆ ಹಣದಲ್ಲಿ ವೆಸ್ಟ್ ಲೋಥಿಯನ್ನಿನ ಎಷ್ಟು ಭುಜಗಳ ನೋವಿತ್ತೆಂಬುದು ಲಿವಿಂಗ್‌ಸ್ಟನ್ ಚರಿತ್ರೆಯಲ್ಲಿ ಬರುವುದಿಲ್ಲ.

1913ರಲ್ಲಿ ಗಣಿಗಳಿಂದ ಹೊರಬಂದ ಕಲ್ಲು ಸುಮಾರು 33 ಲಕ್ಷ ಟನ್, ಇಡೀ ಉದ್ಯಮದಲ್ಲಿ ದುಡಿಯುತ್ತಿದ್ದವರು ಹತ್ತು ಸಾವಿರದ ಮೇಲೆ. ಅದೇ ತುತ್ತತುದಿ. ಅಷ್ಟರಲ್ಲಿ ಇವರನ್ನು ಮುಳುಗಿಸುವ ಎಣ್ಣೆ ಬೇರೆ ದಿಕ್ಕಿನಿಂದ ಹೊರಟಾಗಿತ್ತು. 1886ರಲ್ಲಿ ಗ್ಲಾಸ್ಗೋದಲ್ಲೇ ಹುಟ್ಟಿದ ಬರ್ಮಾ ಆಯಿಲ್ ಕಂಪನಿ ರಂಗೂನಿನಲ್ಲಿ ಸೀಮೆಎಣ್ಣೆ ಇಳಿಸಿ ಇಂಡಿಯಾದ ಲಾಟೀನುಗಳಿಗೆ ಮಾರಿ ದುಡ್ಡು ಮಾಡಿತು. ಆ ದುಡ್ಡಿನ ಬಲದಿಂದ ಪರ್ಷಿಯಾದಲ್ಲಿ ಎಣ್ಣೆ ಹುಡುಕಿಸಿ, 1909ರಲ್ಲಿ ಆಂಗ್ಲೋ-ಪರ್ಷಿಯನ್ ಎಂಬ ಮರಿ ಕಂಪನಿ ಹುಟ್ಟಿಸಿತು. ಆ ಮರಿ 1919ರಲ್ಲಿ ಶೇಲ್ ಕಂಪನಿಗಳನ್ನೆಲ್ಲ ‘ಸ್ಕಾಟಿಷ್ ಆಯಿಲ್ಸ್’ ಎಂಬ ಒಂದೇ ಹೆಸರಿನಡಿ ನುಂಗಿತು. ನಮ್ಮ ಅಜ್ಜಿಯರು ಬುಡ್ಡಿದೀಪಕ್ಕೆ ಸುರಿದ ಎಣ್ಣೆಯ ಕಾಸು ತಿರುಗಿ ತಿರುಗಿ ವಿಂಚ್‌ಬರದ ಮನೆಯ ಬಾಡಿಗೆ ಚೀಟಿಯ ಮೇಲೆ ಹೊಸ ಹೆಸರಾಗಿ ಬಂದು ಕೂತಿತು. ನೆಲದಿಂದ ತಾನೇ ಹರಿದು ಬರುವ ಎಣ್ಣೆಯ ಒಡೆಯರಿಗೆ ಕಲ್ಲು ಕಾಯಿಸುವ ಕಷ್ಟ ಏಕೆ ಬೇಕು? ಗಣಿಗಳು ಒಂದೊಂದಾಗಿ ಮುಚ್ಚಿದವು. ಆಮದು ಎಣ್ಣೆಗೆ ಹಾಕಿದ ಸುಂಕ ಈ ಎಣ್ಣೆಗೆ ಬೀಳದಂತೆ ಸರ್ಕಾರ ಕೊಟ್ಟ ರಿಯಾಯಿತಿಯಿಂದ ಉಳಿದವು ಉಸಿರಾಡಿದವು.

1947ರ ಜನವರಿ ಒಂದರಂದು ಬ್ರಿಟನ್ನಿನ ಕಲ್ಲಿದ್ದಲು ಗಣಿಗಳೆಲ್ಲ ರಾಷ್ಟ್ರದ ಸೊತ್ತಾದವು. ಗಣಿಗಳ ಮುಂದೆ ಫಲಕ ನೆಟ್ಟರು, ಬಾವುಟ ಏರಿಸಿದರು. ಶೇಲ್ ಗಣಿಗಳನ್ನು ಆ ಲೆಕ್ಕದಲ್ಲಿ ಸೇರಿಸಿರಲಿಲ್ಲ. ಅದಾಗಿ ಒಂಬತ್ತು ದಿನಕ್ಕೆ, ಜನವರಿ 10ರ ಸಂಜೆ, ವೆಸ್ಟ್ ಕಾಲ್ಡರಿನ ಬರ್ನ್‌ಗ್ರೇಂಜ್ ಗಣಿಯಲ್ಲಿ ಶೇಖರವಾಗಿದ್ದ ಗಣಿ ಅನಿಲಕ್ಕೆ ಬಯಲು ಜ್ವಾಲೆಯ ದೀಪದಿಂದ ಕಿಡಿ ತಾಗಿತು. ಶೇಲ್ ಗಣಿಗಳಲ್ಲಿ ಅನಿಲ ಕಡಿಮೆ ಎಂಬ ಹಳೆಯ ಧೈರ್ಯದಲ್ಲಿ ಟೋಪಿಯ ಮೇಲಿನ ಬಿಚ್ಚು ದೀಪ ಅಲ್ಲಿ ಅಷ್ಟು ಕಾಲ ಉಳಿದುಬಂದಿತ್ತು. ಸ್ಫೋಟಕ್ಕಿಂತ ಅದರ ಬೆನ್ನಿಗೆ ಬಂದ ಬೆಂಕಿ ದೊಡ್ಡದು. ದಾರಿಯ ಮುಂಡಿಗೆಗಳು ಉರಿದವು, ಒಳಗಿದ್ದವರಿಗೂ ಹೊರಗಿನವರಿಗೂ ನಡುವೆ ಹೊಗೆ ತುಂಬಿತು. ರಕ್ಷಣೆಯವರು ದಿನಗಟ್ಟಲೆ ಬೆಂಕಿಯೊಂದಿಗೆ ಹೊಡೆದಾಡಿದರು. ಹದಿನೈದು ಮಂದಿ ಸತ್ತರು.

ಕೊನೆಯ ಗಣಿ ಮುಚ್ಚಿದ್ದು 1962ರಲ್ಲಿ. ಬಾತ್‌ಗೇಟಿನಲ್ಲಿ ಹೊಸದಾಗಿ ಲಾರಿ ಕಾರ್ಖಾನೆ ತೆರೆದಿತ್ತು. ಅದೇ ವರ್ಷ ಲಿವಿಂಗ್‌ಸ್ಟನ್ ಎಂಬ ಹೊಸ ಪಟ್ಟಣ ಕಟ್ಟಲು ಸರ್ಕಾರ ಗುರುತು ಹಾಕಿತು. ನಲವತ್ತು ದಾಟದವರಿಗೆ ಬೇರೆ ಕೆಲಸ ಸಿಕ್ಕಿತು. ಐವತ್ತು ದಾಟಿದ ಫೇಸ್‌ಮನ್, ಸೂರಿನ ಸದ್ದು ಕೇಳಿ ಅದರ ಮನಸ್ಸು ಹೇಳಬಲ್ಲವನು, ಗಡಿಯಾರಕ್ಕೆ ಕಾರ್ಡು ಒತ್ತಿ ಒಳಹೋಗುವ ಕೆಲಸದಲ್ಲಿ ಹೇಗಿದ್ದಿರಬಹುದೆಂದು ಊಹಿಸಬಹುದು. ಹೇಳಿದ್ದನ್ನು ಮಾಡಿ ಅಭ್ಯಾಸವೇ ಇಲ್ಲದ ಕೂಲಿ ಅವನು.

ಬಿಂಗ್‌ಗಳು ಮಾತ್ರ ಉಳಿದವು. ಕೆಲವನ್ನು ಲಾರಿಗಟ್ಟಲೆ ಹೊತ್ತು ಹೆದ್ದಾರಿಗಳ ತಳಕ್ಕೆ ಸುರಿದರು, ಕೆಲವು ಇಟ್ಟಿಗೆಯಾದವು. ಇದ್ದಬದ್ದದ್ದನ್ನೂ ತೆಗೆದುಬಿಡೋಣವೆಂದು ಸರ್ಕಾರಿ ಕಚೇರಿ ಯೋಚಿಸುತ್ತಿದ್ದಾಗ, 1975-76ರಲ್ಲಿ ಅಲ್ಲಿಗೆ ಸಲಹೆಗಾರನಾಗಿ ಬಂದ ಜಾನ್ ಲಥಮ್ ಎಂಬ ಕಲಾವಿದ ವಿಮಾನದಿಂದ ತೆಗೆದ ಚಿತ್ರಗಳನ್ನು ಮುಂದಿಟ್ಟು, ಬ್ರಾಕ್ಸ್‌ಬರ್ನ್ ಮತ್ತು ವಿಂಚ್‌ಬರದ ಬಿಂಗ್‌ಗಳಲ್ಲಿ ಮಲಗಿದ ಹೆಣ್ಣೊಬ್ಬಳ ಅಂಗಾಂಗ ಕಾಣುತ್ತಿದೆ, ಇವು ಶಿಲ್ಪಗಳು, ಮುಟ್ಟಬೇಡಿ ಎಂದ. ಕಚೇರಿಯವರು ಏನೆಂದುಕೊಂಡರೋ. ಆಮೇಲೆ ಸಸ್ಯ ತಜ್ಞರು ಬಂದು ಈ ಸುಟ್ಟಕಲ್ಲಿನ ಮೇಲೆ ಸುಮಾರು 350 ಜಾತಿಯ ಗಿಡಗಳನ್ನು ಪಟ್ಟಿ ಮಾಡಿದರು. ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ಸಿನ ಮೇಲೆ ಇರುವುದಕ್ಕಿಂತ ಹೆಚ್ಚು. ವಾರಾಂತ್ಯದಲ್ಲಿ ಹುಡುಗರು ಆ ಗಿಡಗಳ ಮೇಲೆಯೇ ಮೋಟಾರ್ ಸೈಕಲ್ ಹತ್ತಿಸುತ್ತಾರೆ.

ಹಲವು ಊರುಗಳಲ್ಲಿ ಸಾಲುಮನೆಗಳನ್ನು ಉರುಳಿಸಿ ಎಷ್ಟೋ ಕಾಲವಾಯಿತು. ವೆಸ್ಟ್ ಕಾಲ್ಡರಿನ ‘ಐವರು ಸೋದರಿಯರು’ ಎಂಬ ಬಿಂಗ್ ಮತ್ತು ಬ್ರಾಕ್ಸ್‌ಬರ್ನಿನ ಗ್ರೀನ್‌ಡೈಕ್ಸ್ ಬಿಂಗ್ ಆದರೋ ಈಗ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಚೀನ ಸ್ಮಾರಕಗಳು. ಹಿಂದೆ ಹಗಲೂ ರಾತ್ರಿ ತಂದು ಸುರಿಯುತ್ತಿದ್ದ ಆ ಕಸದ ಗುಡ್ಡದಿಂದ ಇವತ್ತು ಒಂದು ಗಾಡಿ ಬೂದಿಗಲ್ಲು ತೆಗೆಯಬೇಕಾದರೂ ಸರ್ಕಾರಕ್ಕೆ ಅರ್ಜಿ ಹಾಕಬೇಕು.